ಕೋಟ್ರೇಶಿ ಅಂದ್ರೆ ಮೂರು ಜನ ತಿರುಗಿ ನೋಡಿದರು

ಹೋದ ಸಲ ಊರಿಗೆ ಹೋದಾಗ ನಡೆದದ್ದು. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕೂಡ್ಲಿಗಿ ಬಸ್ಸು ನಿಲ್ಲುವ ಕಡೆ ನಿಂತು ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದೆ. ಹಿಂದಿನಿಂದ ಯಾರೋ "ಲೇ ಕೋಟ್ರೇಶಿ!" ಅಂತ ಗಂಟಲು ಹರಿಯುವ ಹಾಗೆ ಕೂಗಿದರು. ಒಟ್ಟಿಗೇ ಮೂರು ಜನ ತಿರುಗಿ ನೋಡಿದರು. ಅದರಲ್ಲೊಬ್ಬ ಕಂಡಕ್ಟರು!

ನಮ್ಮ ಕಡೆಯವರಿಗೆ ಇದರಲ್ಲಿ ವಿಶೇಷ ಏನೂ ಅನ್ನಿಸುವುದಿಲ್ಲ. ಕೊಟ್ಟೂರಿನ ಕೊಟ್ಟೂರೇಶ್ವರ ಸುತ್ತಲಿನ ಹತ್ತಾರು ಊರುಗಳಿಗೆ ಮನೆದೇವರು. ಹರಕೆ ಹೊತ್ತು ಹುಟ್ಟಿದವನು ಕೋಟ್ರೇಶಿ, ಹೆಣ್ಣಾದರೆ ಕೋಟ್ರಮ್ಮ. ನನ್ನ ಕ್ಲಾಸಿನಲ್ಲೇ ಮೂವರಿದ್ದರು. ಉದ್ದನೆ ಕೋಟ್ರೇಶಿ, ಕನ್ನಡಕದ ಕೋಟ್ರೇಶಿ, ಕೊನೆ ಬೆಂಚಿನ ಕೋಟ್ರೇಶಿ. ಈ ಮೂರನೆಯವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಸ್ ಸ್ಟ್ಯಾಂಡಿನ ಆ ಕೂಗು ಕೇಳಿದ್ದೇ ನನಗೆ ನೆನಪಾದದ್ದು ಒಂದು ಸಿನಿಮಾ. ನಾಗತಿಹಳ್ಳಿ ಚಂದ್ರಶೇಖರ್ ಅವರ "ಕೋಟ್ರೇಶಿ ಕನಸು", 1994ರದ್ದು. ತೊಂಬತ್ತರ ದಶಕದ ಕನ್ನಡ ಸಿನಿಮಾ ಅಂದ ಕೂಡಲೇ ನಾವೆಲ್ಲ "ಓಂ" ಅನ್ನುತ್ತೇವೆ, "ನಮ್ಮೂರ ಮಂದಾರ ಹೂವೆ" ಅನ್ನುತ್ತೇವೆ, "ಅಮೆರಿಕಾ ಅಮೆರಿಕಾ" ಅನ್ನುತ್ತೇವೆ. ತಪ್ಪೇನಿಲ್ಲ, ನನಗೂ ಇಷ್ಟವೇ. ಆದರೆ ಅದೇ ಹತ್ತು ವರ್ಷದಲ್ಲಿ ಬಂದು, ಪ್ರಶಸ್ತಿ ತಗೊಂಡು, ಪೇಪರಿನಲ್ಲಿ ಒಂದು ಫೋಟೋ ಆಗಿ, ಆಮೇಲೆ ಎಲ್ಲಿ ಹೋದವೋ ಗೊತ್ತಾಗದ ಸಿನಿಮಾಗಳದ್ದೇ ಒಂದು ಸಾಲಿದೆ. ಅವುಗಳಲ್ಲಿ ಕೆಲವಕ್ಕೆ ನಮ್ಮ ಹೊಸಪೇಟೆ-ಹಂಪಿ-ಸಂಡೂರು-ಕಂಪ್ಲಿ ಸೀಮೆಯ ನಂಟಿದೆ. ಆ ಕತೆ ಹೇಳೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೊದಲು ನಮ್ಮ ಊರಿನ ಟಾಕೀಸುಗಳ ವಿಚಾರ. ನಮ್ಮ ಕಡೆ ತೆಲುಗು ಸಿನಿಮಾ ಹೆಚ್ಚು ಓಡುತ್ತದೆ ಅಂತ ಬೆಂಗಳೂರಿನ ಗೆಳೆಯರು ಮೂಗು ಮುರಿಯುವುದುಂಟು. ಅದಕ್ಕೊಂದು ಚರಿತ್ರೆ ಇದೆ ಸ್ವಾಮಿ. ಬಳ್ಳಾರಿ ಜಿಲ್ಲೆ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಅದೇ ವರ್ಷ ತುಂಗಭದ್ರಾ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟರು. ನೀರಿನ ಹಿಂದೆ ಆಂಧ್ರದಿಂದ ರೈತರು ಬಂದು ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಸುತ್ತ ಜಮೀನು ಮಾಡಿದರು. ಇವತ್ತಿಗೂ ಆ ಊರುಗಳಿಗೆ "ಕ್ಯಾಂಪು" ಅಂತಲೇ ಹೆಸರು. ಅಲ್ಲಿನ ಜನರ ಮನೆಮಾತೇ ತೆಲುಗು ಆದಾಗ ಟಾಕೀಸಿನವರು ತೆಲುಗು ಸಿನಿಮಾ ಹಾಕುವುದು ಸಹಜ ತಾನೇ? ಕನ್ನಡದವರಾದ ನಾವೂ ಹೋಗಿ ನೋಡುತ್ತಿದ್ದೆವು, ಅದೂ ಸುಳ್ಳಲ್ಲ. ತಮಾಷೆ ಅಂದರೆ 1992ರಲ್ಲಿ ಚಿರಂಜೀವಿಯ "ಘರಾನಾ ಮೊಗುಡು" ಬಂದಾಗ ಟಿಕೆಟ್ಟಿಗೆ ಅಂಗಿ ಹರಿದುಕೊಂಡೆವಲ್ಲ, ಅದು ರಾಜಣ್ಣನ "ಅನುರಾಗ ಅರಳಿತು" (1986) ಸಿನಿಮಾದ ರೀಮೇಕು! ನಮ್ಮ ಕತೆಯನ್ನೇ ತೆಲುಗಿನಲ್ಲಿ ನೋಡಿ ಶಿಳ್ಳೆ ಹೊಡೆದು ಬಂದಿದ್ದೆವು.

ಕಂಪ್ಲಿಯಲ್ಲಿ ನನ್ನ ಸೋದರಮಾವನ ಮನೆ. ಬೇಸಿಗೆ ರಜೆಗೆ ಅಲ್ಲೇ ಠಿಕಾಣಿ. ಹೊಳೆಯಲ್ಲಿ ಈಜು, ಬಾಳೆತೋಟ, ಸಂಜೆ ಸಿನಿಮಾ. ಮಾವ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ ಸಿನಿಮಾಗಳಲ್ಲಿ ಚೆನ್ನಾಗಿ ನೆನಪಿರುವುದು "ಆದಿತ್ಯ 369". 1991ರದ್ದು, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಬಾಲಕೃಷ್ಣ ಹೀರೋ. ಕಾಲಯಂತ್ರದಲ್ಲಿ ಕೂತು 1526ಕ್ಕೆ ಹೋಗಿ ಕೃಷ್ಣದೇವರಾಯನ ಆಸ್ಥಾನದಲ್ಲಿ ಇಳಿಯುವ ಕತೆ. ಆಗ ಮಾವನನ್ನು ಕೇಳಿದ್ದೆ, "ಮಾವ, ಇದು ನಮ್ಮ ಹಂಪಿನೇ ಅಲ್ಲೇನು? ಅಲ್ಲಿ ಎಲ್ಲಾ ತೆಲುಗು ಮಾತಾಡ್ತಿದ್ರೇನು?" ಮಾವ ನಕ್ಕು, "ರಾಯರು ಎರಡೂ ಮಾತಾಡ್ತಿದ್ರಪಾ, ನೀ ಸುಮ್ನ ನೋಡು" ಅಂದಿದ್ದ. ಮಾವನ ಉತ್ತರ ಸರಿಯಾಗಿಯೇ ಇತ್ತು. ರಾಯರ ಶಾಸನಗಳು ಕನ್ನಡದಲ್ಲೂ ಇವೆ, ತೆಲುಗಿನಲ್ಲೂ ಇವೆ. ಸ್ವತಃ ರಾಯರೇ ಬರೆದ "ಆಮುಕ್ತಮಾಲ್ಯದ" ತೆಲುಗು ಕಾವ್ಯ. ಆದರೂ ಮನೆಯಿಂದ ಅರ್ಧ ಗಂಟೆ ದೂರದ ಹಂಪಿಯ ವೈಭವವನ್ನು ನಾನು ಮೊದಲು ಕಂಡದ್ದು ತೆಲುಗು ಸಿನಿಮಾದಲ್ಲಿ ಅನ್ನುವುದು ಆಮೇಲೆ ತುಂಬಾ ದಿನ ಕಾಡಿತ್ತು.

ಕನ್ನಡ ಸಿನಿಮಾದವರೂ ಹಂಪಿಗೆ ಬರುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಬಂದು ಹಾಡು ತೆಗೆದುಕೊಂಡು ಹೋಗುತ್ತಿದ್ದರು. ಕಲ್ಲಿನ ರಥದ ಮುಂದೆ ನಾಯಕಿ ಸೆರಗು ಹಾರಿಸುವುದು, ಮಂಟಪದ ಕಂಬದ ಹಿಂದಿನಿಂದ ನಾಯಕ ಇಣುಕುವುದು... ಶೂಟಿಂಗ್ ಅಂದರೆ ನಾವು ಸ್ಕೂಲು ತಪ್ಪಿಸಿ ಓಡುತ್ತಿದ್ದೆವು. ತೆರೆಯ ಮೇಲೆ ನಮ್ಮ ಕಲ್ಲು ಬಂತು, ಬಂಡೆ ಬಂತು, ಹೊಳೆ ಬಂತು. ಅದೇ ಕಲ್ಲಿನ ನಡುವೆ ಕುರಿ ಕಾಯುವವನು, ಕಬ್ಬು ಕಡಿಯುವವಳು, ಬಂಡೆ ಒಡೆಯುವವನು ಬರಲಿಲ್ಲ. ಬಂದರೂ ಕಾಮಿಡಿಗೆ ಬರುತ್ತಿದ್ದರು. ನಮ್ಮ "ಐತಿ", "ಹೋಗ್ಯಾನ", "ಬಂದಾನ" ಕೇಳಿದರೆ ಸಾಕು, ಬೆಂಗಳೂರಿನ ಟಾಕೀಸು ನಗುತ್ತದೆ ಅನ್ನುವ ಲೆಕ್ಕಾಚಾರ.

ಹೀಗಿರುವಾಗ ಬಂತು "ಕೋಟ್ರೇಶಿ ಕನಸು". ಕತೆ ಕುಂ. ವೀರಭದ್ರಪ್ಪ ಅವರದ್ದು, ಅಂದರೆ ನಮ್ಮೆಲ್ಲರ ಕುಂವೀ. ಕೊಟ್ಟೂರಿನವರು. ಹುಟ್ಟಿದ್ದು 1953ರಲ್ಲಿ, ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ವರ್ಷವೇ. ದಶಕಗಳ ಕಾಲ ಆಂಧ್ರದ ಗಡಿಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದರು. "ಅರಮನೆ" ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರಲ್ಲಿ ಅದನ್ನು ವಾಪಸ್ಸು ಮಾಡುವುದಾಗಿ ಹೇಳಿದ್ದೂ ನಿಮಗೆ ನೆನಪಿರಬಹುದು. ಗೌಡರ ದರ್ಪ, ಬರಗಾಲ, ಜಾತಿ, ಹಸಿವು ಎಲ್ಲವನ್ನೂ ನಗಿಸುತ್ತಲೇ ಹೇಳಿ ಕೊನೆಗೆ ಹೊಟ್ಟೆಯಲ್ಲಿ ಕೈ ಹಾಕಿ ತಿರುವುವ ಬರವಣಿಗೆ ಅವರದ್ದು.

ಸಿನಿಮಾ ಮಾಡಿದ ನಾಗತಿಹಳ್ಳಿ ಮಂಡ್ಯದ ಕಡೆಯವರು, ನಾಗಮಂಗಲ ತಾಲೂಕು. ಅವರೂ ಮೇಷ್ಟ್ರೇ, ಕತೆಗಾರರೇ. 1992ರಲ್ಲಿ "ಉಂಡೂ ಹೋದ ಕೊಂಡೂ ಹೋದ" ಮಾಡಿ ನಗಿಸಿದ್ದರು. ಆಮೇಲೆ ಕೈಹಾಕಿದ್ದು ಈ ಕತೆಗೆ. ತಿರುಳು ಇಷ್ಟೇ: ಒಬ್ಬ ದಲಿತ ಹುಡುಗ, ಅವನ ಓದಿನ ಆಸೆ, ಅದನ್ನು ಸಹಿಸದ ಊರು. ಉಳಿದದ್ದನ್ನು ನಾನು ಹೇಳುವುದಿಲ್ಲ, ನೀವೇ ನೋಡಬೇಕು. ಕೋಟ್ರೇಶಿಯಾಗಿ ಮಾಸ್ಟರ್ ವಿಜಯ ರಾಘವೇಂದ್ರ. "ಚಿನ್ನಾರಿ ಮುತ್ತ"ದಲ್ಲಿ (1993) ಓಡಿ ಎಲ್ಲರ ಮನಸ್ಸು ಗೆದ್ದಿದ್ದನಲ್ಲ, ಅದೇ ಹುಡುಗ. ಜೊತೆಗೆ ಉಮಾಶ್ರೀ ಇದ್ದಾರೆ, ಕರಿಬಸವಯ್ಯ ಇದ್ದಾರೆ. ಕಾಮಿಡಿ ಪಾತ್ರಗಳಲ್ಲೇ ನಾವು ಕಂಡ ಈ ಇಬ್ಬರ ಒಳಗೆ ಎಂಥ ಕಲಾವಿದರಿದ್ದರು ಅನ್ನುವುದು ಇಂಥ ಸಿನಿಮಾ ನೋಡಿದರೆ ಗೊತ್ತಾಗುತ್ತದೆ. ಕರಿಬಸವಯ್ಯ 2012ರಲ್ಲಿ ತೀರಿಕೊಂಡರು.

1994ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ಅಂತ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ವಿಜಯ ರಾಘವೇಂದ್ರನಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ. ಇಷ್ಟೆಲ್ಲ ಬಂದರೂ ನಾನು ಅದನ್ನು ನಮ್ಮೂರ ಟಾಕೀಸಿನಲ್ಲಿ ನೋಡಲಿಲ್ಲ. ನನ್ನ ಗೆಳೆಯರಲ್ಲೂ ನೋಡಿದವರಿಲ್ಲ. ನಾನು ನೋಡಿದ್ದು ಆ ದಶಕದ ಕೊನೆಯಲ್ಲಿ, ಒಂದು ಭಾನುವಾರ, ದೂರದರ್ಶನದಲ್ಲಿ. ಪಕ್ಕದ ಮನೆ ಟಿವಿ, ಚಾಪೆಯ ಮೇಲೆ ಹದಿನೈದು ಜನ. "ಪ್ರಶಸ್ತಿ ಸಿನಿಮಾ ಅಂತಪಾ, ಬೋರು" ಅಂತ ಅರ್ಧ ಜನ ಮೊದಲೇ ಎದ್ದು ಹೋದರು. ಹೆಸರು ಓದಿದ ನನ್ನ ಅಜ್ಜಿ ಮಾತ್ರ, "ಏ, ನಮ್ಮ ಕೋಟ್ರೇಶಿ ಸಿನಿಮಾದಾಗ ಬಂದಾನ ನೋಡ್ರೋ!" ಅಂತ ಕೈಮುಗಿದು ಕೂತಳು. ಅವಳಿಗೆ ಅದು ದೇವರ ಸಿನಿಮಾ! ಸರಿಯಾಗಿ ಅರ್ಧಕ್ಕೆ ಕರೆಂಟು ಹೋಯಿತು. ಇನ್ನರ್ಧ ನೋಡಲು ನನಗೆ ಇಪ್ಪತ್ತೈದು ವರ್ಷ ಬೇಕಾಯಿತು.

ಇದೊಂದೇ ಅಲ್ಲ. ಇನ್ನೊಂದು ಸಿನಿಮಾ ನಮ್ಮ ಹಂಪಿಗೆ ಇನ್ನೂ ಹತ್ತಿರದ್ದು, ಆದರೆ ಬೇರೆ ರೀತಿಯಲ್ಲಿ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾಯಿತು. ಮೊದಲ ಕುಲಪತಿ ಚಂದ್ರಶೇಖರ ಕಂಬಾರ. ಕಲ್ಲುಬಂಡೆಗಳ ನಡುವೆ ಒಂದು ವಿಶ್ವವಿದ್ಯಾಲಯ ಕಟ್ಟುವ ಕೆಲಸದಲ್ಲಿ ಅವರಿದ್ದ ಕಾಲಕ್ಕೇ, 1992ರಲ್ಲಿ, ಅವರ ನಾಟಕ "ಹರಕೆಯ ಕುರಿ" ಸಿನಿಮಾ ಆಗಿ ಬಂತು. ನಿರ್ದೇಶನ ಕೆ.ಎಸ್.ಎಲ್. ಸ್ವಾಮಿ, ನಮ್ಮ "ರವೀ". ಮುಖ್ಯ ಪಾತ್ರದಲ್ಲಿ ಯಾರು ಗೊತ್ತೇ? ವಿಷ್ಣುವರ್ಧನ್! ಜೊತೆಗೆ ಗೀತಾ, ಆಗಿನ್ನೂ ದೊಡ್ಡ ಹೆಸರು ಮಾಡಿರದ ಪ್ರಕಾಶ್ ರೈ. ರಾಜಕೀಯದವರು ಬಡಪಾಯಿಗಳನ್ನು ಹೇಗೆ ಬಳಸಿ ಬಿಸಾಡುತ್ತಾರೆ ಅನ್ನುವುದು ಹೆಸರಿನಲ್ಲೇ ಇದೆ. ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಇದಕ್ಕೂ ಬಂತು.

ಅದೇ 1992ರಲ್ಲಿ ಅಣ್ಣಾವ್ರ "ಜೀವನ ಚೈತ್ರ" ಬಂದಿತ್ತು, ರವಿಚಂದ್ರನ್ "ಹಳ್ಳಿ ಮೇಷ್ಟ್ರು" ಬಂದಿತ್ತು. ಅವುಗಳ ಗದ್ದಲದಲ್ಲಿ ಇದು ಕೇಳಿಸಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ವಿಷ್ಣು ಅಭಿಮಾನಿಗಳಾದ ನನ್ನ ಗೆಳೆಯರು ಅವರ ಸಿನಿಮಾಗಳನ್ನು ಬಾಯಿಪಾಠ ಒಪ್ಪಿಸುವಾಗಲೂ ಈ ಹೆಸರು ಬರುವುದೇ ಇಲ್ಲ. ಇಷ್ಟು ದೊಡ್ಡ ಸ್ಟಾರ್ ಇದ್ದೂ ಒಂದು ಸಿನಿಮಾ ಮರೆತುಹೋಗುತ್ತದೆ ಅಂದರೆ, ಬರೀ ಬಾಲನಟನನ್ನು ನಂಬಿದ ಕೋಟ್ರೇಶಿಯ ಗತಿ ಏನು ಹೇಳಿ.

ಮೂರನೆಯದು ಗಿರೀಶ್ ಕಾಸರವಳ್ಳಿ ಅವರ "ಮನೆ". ತೊಂಬತ್ತರ ದಶಕದ ಬಾಗಿಲಲ್ಲೇ ಬಂದದ್ದು. ನಾಸಿರುದ್ದೀನ್ ಷಾ, ದೀಪ್ತಿ ನವಲ್ ಕನ್ನಡದಲ್ಲಿ ನಟಿಸಿದ ಸಿನಿಮಾ ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಇದಕ್ಕೂ ನಮ್ಮೂರಿಗೂ ನೇರ ಸಂಬಂಧ ಏನೂ ಇಲ್ಲ. ಹೊಸದಾಗಿ ನಗರಕ್ಕೆ ಬಂದ ಗಂಡ ಹೆಂಡತಿ, ಒಂದು ಬಾಡಿಗೆ ರೂಮು, ರಾತ್ರಿಯಿಡೀ ಪಕ್ಕದ ಶೆಡ್ಡಿನಿಂದ ಯಂತ್ರದ ಸದ್ದು. ಆ ಸದ್ದು ನಿಲ್ಲಿಸಲು ಹೊರಟವರು ಎಲ್ಲಿಗೆ ಹೋಗಿ ಮುಟ್ಟುತ್ತಾರೆ ಅನ್ನುವುದು ಕತೆ. ಆದರೆ ಈ ಸಿನಿಮಾ ನನಗೆ ಅರ್ಥವಾದದ್ದು ಸಂಡೂರಿನಲ್ಲಿ. 2005-06ರ ಸುಮಾರಿಗೆ ಅಲ್ಲಿ ಒಬ್ಬ ನೆಂಟರ ಮನೆಯಲ್ಲಿ ಉಳಿದಿದ್ದೆ. ರಾತ್ರಿ ಮಲಗಿದರೆ ಅದಿರು ಲಾರಿಗಳ ಸದ್ದು ಒಂದರ ಹಿಂದೆ ಒಂದು, ಬೆಳಗಿನ ತನಕ. ಕಿಟಕಿ ಸರಳು, ಹಾಸಿಗೆ, ಕುಡಿಯುವ ನೀರಿನ ಕೊಡದ ಮುಚ್ಚಳ ಎಲ್ಲದರ ಮೇಲೂ ಕೆಂಪು ಧೂಳು. "ಸದ್ದು ನಿಂತ್ರ ಊರಿಗೆ ಊಟ ಇಲ್ಲಪಾ" ಅಂದರು ಅವರು. ಆ ರಾತ್ರಿ ನನಗೆ ನಿದ್ದೆಗಿಂತ ಹೆಚ್ಚಾಗಿ "ಮನೆ" ಸಿನಿಮಾ ಬಂತು!

ಈ ಸಂಡೂರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಒಂದು ಪುಟ್ಟ ಸಂಸ್ಥಾನ ಆಗಿತ್ತು, ಘೋರ್ಪಡೆ ಮನೆತನದ್ದು. ಅಲ್ಲಿನ ರಾಜರು 1932ರಲ್ಲೇ ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ದಲಿತರಿಗೆ ತೆರೆದರು. ಗಾಂಧೀಜಿ ಅದನ್ನು ಮೆಚ್ಚಿ ಮಾತಾಡಿದ್ದರು. ಅಲ್ಲಿಂದ ಅರವತ್ತೆರಡು ವರ್ಷ ಆದ ಮೇಲೆ, ಅದೇ ಜಿಲ್ಲೆಯ ಕತೆಗಾರನ ಕತೆಯಲ್ಲಿ ದಲಿತ ಹುಡುಗನೊಬ್ಬ ಓದುವುದನ್ನು ಊರು ಸಹಿಸುವುದಿಲ್ಲ. ಗುಡಿ ಬಾಗಿಲು ತೆರೆದಷ್ಟು ಸುಲಭಕ್ಕೆ ಸ್ಕೂಲಿನ ಬಾಗಿಲು ತೆರೆಯಲಿಲ್ಲ ನೋಡಿ. "ಕೋಟ್ರೇಶಿ ಕನಸು" ನನಗೆ ಬರೀ ಸಿನಿಮಾ ಅನ್ನಿಸದೆ ನಮ್ಮ ಜಿಲ್ಲೆಯ ಚರಿತ್ರೆಯ ಒಂದು ಹಾಳೆ ಅನ್ನಿಸುವುದು ಇದಕ್ಕೇ.

ಇನ್ನೊಂದು ಕಾರಣವೂ ಇದೆ, ಅದು ಕಾಲದ್ದು. 1993ರಲ್ಲಿ ಹೊಸ ಖನಿಜ ನೀತಿ ಬಂದು ಗಣಿಗೆ ಖಾಸಗಿಯವರ ದಾರಿ ಅಗಲವಾಯಿತು. 2000ದ ನಂತರ ಚೀನಾದವರು ಅದಿರು ಕೊಳ್ಳಲು ಶುರು ಮಾಡಿದ ಮೇಲೆ ನಮ್ಮ ಸೀಮೆಯ ಚಹರೆಯೇ ಬದಲಾಯಿತು. 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ತನಕ ನಡೆದದ್ದೆಲ್ಲ ನಿಮಗೆ ಗೊತ್ತು. 1994ರ ಕೋಟ್ರೇಶಿ ಈ ಎಲ್ಲದರ ಹೊಸ್ತಿಲಲ್ಲಿ ನಿಂತವನು. ಅವನು ಓದಿದ್ದರೆ ಒಂದು ದಾರಿ, ಓದದಿದ್ದರೆ ಲಾರಿ.

ಈಗ ಕೊನೆ ಬೆಂಚಿನ ಕೋಟ್ರೇಶಿಯ ಕತೆ. ಲೆಕ್ಕದಲ್ಲಿ ನಮಗೆಲ್ಲ ಅವನೇ ಗುರು, ಬಾಯಿಲೆಕ್ಕ ಅಂದರೆ ಸಾಕು, ಮೇಷ್ಟ್ರು ಕೇಳಿ ಮುಗಿಸುವ ಮೊದಲೇ ಉತ್ತರ. ಏಳನೇ ಕ್ಲಾಸು ಪಾಸಾದ. ಜೂನ್‌ನಲ್ಲಿ ಹೈಸ್ಕೂಲಿಗೆ ಬರಲೇ ಇಲ್ಲ. ಅವರಪ್ಪ ಕಲ್ಲು ಒಡೆಯುವ ಕೆಲಸದವರು, ಕಾಲಿಗೆ ಪೆಟ್ಟಾಗಿ ಮನೆ ಹಿಡಿದಿದ್ದರು. ಇವನು ಅದಿರು ಲಾರಿಗೆ ಕ್ಲೀನರ್ ಆಗಿ ಹೋದ. ನಾವು ಯಾರೂ ಕೇಳಲಿಲ್ಲ, ಮೇಷ್ಟ್ರೂ ಕೇಳಲಿಲ್ಲ. ಅವನು ಕೂತಿದ್ದ ಜಾಗದಲ್ಲಿ ಇನ್ನೊಬ್ಬ ಕೂತ, ಅಷ್ಟೇ. ಮುಂದೆ ಡ್ರೈವರ್ ಆದ. ಅದಿರಿನ ಕಾಲದಲ್ಲಿ ಸಾಲ ಮಾಡಿ ಸ್ವಂತ ಲಾರಿ ತಗೊಂಡ. 2011ರಲ್ಲಿ ಗಣಿ ನಿಂತಾಗ ಲಾರಿ ಮನೆ ಮುಂದೆ ನಿಂತಿತು, ಕಂತು ನಿಲ್ಲಲಿಲ್ಲ. ಕೊನೆಗೆ ಲಾರಿ ಹೋಯಿತು. ಈಗ ಕಬ್ಬಿನ ಟ್ರ್ಯಾಕ್ಟರು ಓಡಿಸುತ್ತಾನೆ. ಮಗಳನ್ನು ಡಿಗ್ರಿ ಓದಿಸುತ್ತಿದ್ದಾನೆ.

ಮೊನ್ನೆ ಬಸ್ ಸ್ಟ್ಯಾಂಡಿನಿಂದ ನೇರ ಅವನ ಮನೆಗೆ ಹೋದೆ. ಮಾತಿನ ನಡುವೆ ಸಿನಿಮಾ ವಿಷಯ ಬಂತು. ನನ್ನ ಮೊಬೈಲಿನಲ್ಲಿ ಅದರ ಒಂದು ಪ್ರತಿ ಇತ್ತು. ಬಣ್ಣ ಮಾಸಿದೆ, ಮುಖ ಸರಿಯಾಗಿ ಕಾಣುವುದಿಲ್ಲ, ಮಾತು ಅಲ್ಲಲ್ಲಿ ನುಂಗಿಹೋಗಿದೆ. ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ಇಬ್ಬರೂ ನೋಡಿದೆವು. ಮಗಳೂ ಬಂದು ಹಿಂದೆ ನಿಂತಳು. ಅವನು ಉದ್ದಕ್ಕೂ ಒಂದು ಮಾತು ಆಡಲಿಲ್ಲ. ಮುಗಿದ ಮೇಲೆ ಬೀಡಿ ಹಚ್ಚಿ ಕೇಳಿದ:

"ಇದು ಯಾವಾಗ ಬಂದಿದ್ದು?"

"ತೊಂಬತ್ನಾಲ್ಕು."

"ನಾ ಸಾಲಿ ಬಿಟ್ಟಿದ್ದೂ ಅವಾಗ್ಲೇ ಅಲ್ಲೇನೋ... ನಮ್ಮೂರಾಗ ಯಾಕ ಹಾಕ್ಲಿಲ್ಲ? ನಮ್ಮಪ್ಪಗ ತೋರಿಸ್ತಿದ್ದೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಿಂಟು ಕಡಿಮೆ ಇರುತ್ತಿದ್ದವು, ಹಂಚಿಕೆದಾರರು ಇಂಥವನ್ನು ಮುಟ್ಟುತ್ತಿರಲಿಲ್ಲ, ಗಾಂಧಿನಗರದಲ್ಲೇ ಒಂದು ವಾರ ನಿಲ್ಲುವುದು ಕಷ್ಟ... ಇದನ್ನೆಲ್ಲ ಅವನಿಗೆ ಹೇಗೆ ಹೇಳಲಿ? ಹೇಳಿದರೂ, ಬಂದಿದ್ದರೆ ನಾವು ಹೋಗುತ್ತಿದ್ದೆವೇ ಅನ್ನುವ ಪ್ರಶ್ನೆ ಉಳಿದೇ ಉಳಿಯುತ್ತದೆ. ಪ್ರಶಸ್ತಿ ಸಿನಿಮಾ ಬೋರು ಅಂತ ಚಾಪೆಯಿಂದ ಎದ್ದು ಹೋದವರು ಬೇರೆ ಯಾರೂ ಅಲ್ಲ, ನಾವೇ.

ಈಗ ಹಳೆಯ ಸಿನಿಮಾಗಳಿಗೆ ಒಳ್ಳೆಯ ಕಾಲ ಬಂದಿದೆ ಅನ್ನುತ್ತಾರೆ. ಉಪೇಂದ್ರನ "ಎ" (1998) 2024ರಲ್ಲಿ ಮತ್ತೆ ಥಿಯೇಟರಿಗೆ ಬಂತು. ಅದೇ ವರ್ಷ ಕಾಸರವಳ್ಳಿಯವರ "ಘಟಶ್ರಾದ್ಧ" (1977) ಹೊಸದಾಗಿ ಶುಚಿಯಾಗಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅದರ ಹಿಂದೆ ಹಾಲಿವುಡ್ಡಿನ ಮಾರ್ಟಿನ್ ಸ್ಕೊರ್ಸೆಸಿ ಅವರ ಸಂಸ್ಥೆ ಇತ್ತು. 2025ರಲ್ಲಿ ನನ್ನ ಮಾವ ತೋರಿಸಿದ "ಆದಿತ್ಯ 369" ಕೂಡ 4ಕೆಯಲ್ಲಿ ಮರುಬಿಡುಗಡೆ ಆಯಿತು. ಸಂತೋಷವೇ. ಹೀರೋ ಇದ್ದವನಿಗೆ ಅಭಿಮಾನಿಗಳಿದ್ದಾರೆ, ಮೇರುಕೃತಿ ಅನ್ನಿಸಿಕೊಂಡದ್ದಕ್ಕೆ ದೇಶ ವಿದೇಶದ ಸಂಸ್ಥೆಗಳಿವೆ. ನಡುವೆ ಸಿಕ್ಕಿಕೊಂಡ ಕೋಟ್ರೇಶಿಯಂಥವರು ಮೊಬೈಲಿನ ಮಸುಕು ಪ್ರತಿಯಲ್ಲಿ ಬದುಕುತ್ತಿದ್ದಾರೆ. ಆ ಪ್ರತಿಯೂ ಒಂದು ದಿನ ಮಾಯವಾದರೆ, ನಮ್ಮ ಕಡೆಯ ಒಬ್ಬ ಹುಡುಗ ತೆರೆಯ ಮೇಲೆ ಬಂದಿದ್ದ ಅನ್ನುವುದಕ್ಕೆ ಪ್ರಶಸ್ತಿ ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಉಳಿಯುತ್ತದೆ.

2021ರಲ್ಲಿ ಹೊಸಪೇಟೆಯೇ ಜಿಲ್ಲಾ ಕೇಂದ್ರ ಆಯಿತು. ಕೊಟ್ಟೂರು ಈಗ ವಿಜಯನಗರ ಜಿಲ್ಲೆಯಲ್ಲಿದೆ, ಸಂಡೂರು ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ. ಹಂಪಿ ಉತ್ಸವಕ್ಕೆ ದೊಡ್ಡ ದೊಡ್ಡ ಸ್ಟಾರ್‌ಗಳನ್ನು ಕರೆಸುತ್ತೇವೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ಅದರಲ್ಲೊಂದು ಸಂಜೆ, ಯಾವುದಾದರೂ ಬಂಡೆಯ ಪಕ್ಕ ಒಂದು ಬಿಳಿ ಪರದೆ ಕಟ್ಟಿ, ಕುಂವೀ ಅವರನ್ನೂ ನಾಗತಿಹಳ್ಳಿಯವರನ್ನೂ ಮುಂದೆ ಕೂರಿಸಿ "ಕೋಟ್ರೇಶಿ ಕನಸು" ತೋರಿಸಿದರೆ ಎಷ್ಟು ಖರ್ಚಾದೀತು? ಆ ಕತ್ತಲಲ್ಲಿ "ಲೇ ಕೋಟ್ರೇಶಿ" ಅಂತ ಯಾರಾದರೂ ಕೂಗಿದರೆ ಎಷ್ಟು ತಲೆ ತಿರುಗುತ್ತವೆ, ಲೆಕ್ಕ ಹಾಕಿ.

ಅಲ್ಲಿಯವರೆಗೆ ಮಸುಕು ಪ್ರತಿಯೇ ಗತಿ. ಒಂದು ಭಾನುವಾರ ಬಿಡುವು ಮಾಡಿಕೊಂಡು ಈ ಮೂರನ್ನೂ ಹುಡುಕಿ ನೋಡಿ: "ಹರಕೆಯ ಕುರಿ", "ಮನೆ", "ಕೋಟ್ರೇಶಿ ಕನಸು". ನಿಮ್ಮ ಸೀಮೆಯಲ್ಲೂ ಹೀಗೆ ಬಂದು ಹೋದ, ನಿಮ್ಮವರ ಹೆಸರಿನ ಸಿನಿಮಾ ಒಂದಾದರೂ ಇದ್ದೇ ಇರುತ್ತದೆ. ನೆನಪಾದರೆ ನೀವೂ ಬರೆಯಿರಿ, ನಾನು ಕಾದು ಓದುತ್ತೇನೆ.

ಅಂದಹಾಗೆ ಕೊನೆ ಬೆಂಚಿನ ಕೋಟ್ರೇಶಿ ನಿನ್ನೆ ಫೋನ್ ಮಾಡಿದ್ದ. ಆ ಸಿನಿಮಾವನ್ನು ಮಗಳ ಮೊಬೈಲಿಗೂ ಕಳಿಸಬೇಕಂತೆ.